ಗೀರಿನ ಆಳಕ್ಕೆ

ಬಿಸಿಲಿಗೆ ತರುವವರೆಗೆ ಕಾರಿನ ಮೇಲೆ ಒಂದೂ ಗೀರು ಇರಲಿಲ್ಲ. ತಗಡಿನ ಶೆಡ್ಡಿನ ನೆರಳಲ್ಲಿ ಅದು ಹಳೆ ಬಾವಿಯ ನೀರಿನ ಹಾಗೆ ಕರ್ರಗೆ, ನುಣ್ಣಗೆ, ಸುಮ್ಮನೆ ನಿಂತಿತ್ತು. ಗಿಯರು ತಪ್ಪಿಸಿ, ಬಾಗಿಲ ಚೌಕಟ್ಟಿಗೆ ಹೆಗಲು ಕೊಟ್ಟು ಕಾಡಸಿದ್ದ ಅದನ್ನು ಅಂಗಳಕ್ಕೆ ತಳ್ಳಿದ. ಎಂಟು ಗಂಟೆಯ ಬಿಸಿಲು ಬಾನೆಟ್ಟಿನ ಮೇಲೆ ಬಿದ್ದದ್ದೇ ತಡ, ಅಲ್ಲಿ ಮೂಡಿದ ಸೂರ್ಯನ ಸುತ್ತ ಕೂದಲೆಳೆಯಂಥ ಸಾವಿರಾರು ಗೆರೆಗಳು ದುಂಡಗೆ ಸುತ್ತಿಕೊಂಡು ಎದ್ದುಬಂದವು. ಅವನು ಎಡಕ್ಕೆ ಸರಿದರೆ ಅವೂ ಎಡಕ್ಕೆ ಸರಿದವು, ಬಲಕ್ಕೆ ಸರಿದರೆ ಬಲಕ್ಕೆ. ಮೂರು ದಿನದಿಂದ ನೋಡಿ ನೋಡಿ ಈಗ ಕಣ್ಣು ಮುಚ್ಚಿದರೂ ಅವೇ ಕಾಣುತ್ತಿದ್ದವು. ಸೋಮವಾರ ಬಂದ ಕಾರು, ಇವತ್ತು ಗುರುವಾರ. ಬಾಗಿಲು, ಟಪ್ಪು, ಡಿಕ್ಕಿ ಎಲ್ಲ ಮುಗಿದು ಬಾನೆಟ್ಟೊಂದು ಉಳಿದಿತ್ತು. ಎಲ್ಲಕ್ಕಿಂತ ಹೆಚ್ಚು ಒರೆಸಿಕೊಂಡದ್ದು ಬಾನೆಟ್ಟು, ಆದ್ದರಿಂದ ಎಲ್ಲಕ್ಕಿಂತ ಹೆಚ್ಚು ಗೀರೂ ಅದರ ಮೇಲೇ. ಒರೆಸಿದ ಕೈ ಯಾರದೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದದ್ದನ್ನು ಸಂಜೆ ನಾಲ್ಕರೊಳಗೆ ಉಜ್ಜಿ ತೆಗೆದು, ಏನೂ ಗೊತ್ತಿಲ್ಲದವನ ಮುಖ ಹೊತ್ತುಕೊಂಡು ಶಿರಗುಪ್ಪಿಗೆ ಹೋಗಿ ಕಾರು ಒಪ್ಪಿಸಬೇಕಾಗಿತ್ತು.

ನಮ್ಮ ಕಡೆಯ ಕಾರುಗಳ ಬಣ್ಣ ಮೆತ್ತಗೆ, ಹೇಳಿದ ಹಾಗೆ ಕೇಳುತ್ತದೆ. ಕಂಪೌಂಡೆಂಬ ಉಜ್ಜುವ ಲೇಪ ಹಚ್ಚಿ ನಾಲ್ಕು ಸಲ ಮಷೀನು ಆಡಿಸಿದರೆ ಗೀರು ಹೋಗುತ್ತದೆ, ಬಣ್ಣವೂ ಒಂದಿಷ್ಟು ಅರಿವೆಗೆ ಹತ್ತುತ್ತದೆ. ಇದು ಜರ್ಮನಿಯ ಕಾರು. ಮುಂಬಯಿಯ ಯಾವನೋ ಶೇಟಜಿ ಎರಡು ವರ್ಷ ಓಡಿಸಿ ಬಿಟ್ಟದ್ದನ್ನು ಶಿರಗುಪ್ಪಿಯ ಜಯಪಾಲ ಸಾವಕಾರ ತೊಂಬತ್ತೆರಡರ ದೀಪಾವಳಿಗೆ ತಂದಿದ್ದ. ಕಪ್ಪಿನ ಮೇಲೆ ಗಾಜಿನಂಥ ಇನ್ನೊಂದು ಪದರ, ಅದಕ್ಕೆ ಮಷೀನೆಂದರೆ ಲೆಕ್ಕಕ್ಕಿಲ್ಲ. ಕಂಪೌಂಡು ಒಣಗಿ ಪುಡಿಯಾಗಿ ಮುಖಕ್ಕೆ ಹಾರುತ್ತಿತ್ತೇ ಹೊರತು ಗೀರು ಜಪ್ಪಯ್ಯ ಅನ್ನುತ್ತಿರಲಿಲ್ಲ. ಜೋರು ಮಾಡಿದರೆ ತಗಡು ಕಾಯುತ್ತದೆ, ಅಂಚಿನಲ್ಲಿ ಬಣ್ಣ ಸುಟ್ಟು ಬಿಳಿಚುತ್ತದೆ. ಅಂಗೈಯಗಲ ಜಾಗ ಹಿಡಿದು, ಉಜ್ಜಿ, ಕೈಯ ಹಿಂಬದಿಯಿಂದ ಬಿಸಿ ನೋಡಿ, ಆರಲು ಬಿಟ್ಟು, ಮತ್ತೆ ಉಜ್ಜಬೇಕು. ಕೊಲ್ಹಾಪುರದ ಉಸ್ತಾದ ಕಲಿಸಿದ್ದು ಇದನ್ನೇ. ಗೀರೆಂದರೆ ಏನೂ ಇಲ್ಲದ ಜಾಗ, ಇಲ್ಲದ್ದನ್ನು ನೀನು ಹೇಗೆ ತೆಗೆಯುತ್ತೀ ಎಂದು ಆತ ಕೇಳುತ್ತಿದ್ದ. ಸುತ್ತ ಇದ್ದ ಒಳ್ಳೆಯ ಬಣ್ಣವನ್ನೇ ಆ ಗೀರಿನ ಆಳಕ್ಕೆ ಇಳಿಸಬೇಕು, ಆಗ ಗೀರು ಇರುವುದಿಲ್ಲ, ಬಣ್ಣವೂ ಅಷ್ಟು ಇರುವುದಿಲ್ಲ. ಹೊಟ್ಟೆಪಾಡಿನ ಮಿಸ್ತ್ರಿಗಳು ಎಣ್ಣೆ ತುಂಬಿ ಗೀರು ಮುಚ್ಚುತ್ತಾರೆ, ಎಂಟು ದಿನ ಮಿಂಚುತ್ತದೆ. ಕಾಡಸಿದ್ದ ಹಾಗೆ ಮಾಡುವವನಲ್ಲ. ಉಜ್ಜಿದ ಮೇಲೆ ಸೀಮೆಎಣ್ಣೆಯಲ್ಲಿ ಅದ್ದಿದ ಅರಿವೆಯಿಂದ ಒರೆಸಿ, ಇರುವ ಎಣ್ಣೆಯನ್ನೆಲ್ಲ ತೆಗೆದು, ಬಿಸಿಲಿಗೆ ಹಿಡಿದು ನೋಡುತ್ತಿದ್ದ. ಕೆಲಸದಲ್ಲಿ ತಾನು ಸುಳ್ಳು ಹೇಳುವವನಲ್ಲ ಎಂಬ ಸೊಕ್ಕು ಅವನಿಗಿತ್ತು; ಕೆಲಸದ ಹೊರಗೆ ಹೇಳಿದ್ದಕ್ಕೆಲ್ಲ ಅದೊಂದೇ ಆಸರೆ.

ಸೋಮವಾರ ಜಯಪಾಲ ಸಾವಕಾರ ಕಾರಿನ ಜೊತೆ ತಾನೇ ಬಂದಿದ್ದ. ಶುಕ್ರವಾರ ಮಗಳನ್ನು ನೋಡಲು ಸಾಂಗಲಿಯಿಂದ ಬೀಗರಾಗುವವರು ಬರುತ್ತಾರೆ, ಅಂಗಳದಲ್ಲಿ ಮೊದಲು ಕಾಣುವುದೇ ಈ ಕಾರು, ಅದರ ಗತಿ ನೋಡು ಎಂದು ಮರಾಠಿಯಲ್ಲಿ ಹೇಳಿದ. ಕಾಡಸಿದ್ದನ ಹತ್ತಿರ ಅವನು ಮರಾಠಿಯನ್ನೇ ಆಡುವುದು. ಚಿಕ್ಕೋಡಿಯ ಬಸ್ ಸ್ಟ್ಯಾಂಡಿನ ಹಿಂದೆ ಶೆಡ್ಡು ಹಾಕಿದ ದಿನದಿಂದ ಕಾಡಸಿದ್ದ ಎಲ್ಲರಿಗೂ ಕೊಲ್ಹಾಪುರ ಮಿಸ್ತ್ರಿ. ಬೋರ್ಡಿನ ಮೇಲೆ ಹಾಗೇ ಬರೆಸಿದ್ದ. ಕೊಲ್ಹಾಪುರದವನೆಂದರೆ ಜನ ಕಾರು ಕೊಟ್ಟು ಎದುರು ಮಾತಾಡದೆ ಹೋಗುತ್ತಿದ್ದರು, ಅಂಕಲಿ ಹತ್ತಿರದ ಕುರಿಯವರ ಹುಡುಗನೆಂದು ನಿಜ ಹೇಳಿದ್ದರೆ ಪಕ್ಕದಲ್ಲೇ ಸ್ಟೂಲು ಹಾಕಿ ಕೂತು ಕೆಲಸ ಹೇಳಿಕೊಡುತ್ತಿದ್ದರು. ಸಾವಕಾರ ಬಾನೆಟ್ಟಿನ ಮೇಲೆ ಉಗುರು ಆಡಿಸಿ, ಇದನ್ನು ಮಾಡಿದವರು ಯಾರು, ನಿನ್ನ ಕಣ್ಣಿಗೆ ಗೊತ್ತಾಗಬೇಕಲ್ಲ ಎಂದ. ಡ್ರೈವರ್ ಬಾಳು ಕಾರಿನ ಇನ್ನೊಂದು ಬದಿಗೆ ಕೀಲಿ ಹಿಡಿದು ನಿಂತಿದ್ದ. ಕಾಡಸಿದ್ದ ಬಗ್ಗಿದ. ಬಾನೆಟ್ಟಿನ ಮುಂದಿನ ಉಕ್ಕಿನ ಪಟ್ಟಿಯ ಸಂದಿನಲ್ಲಿ ಒಂದು ಎಳೆ ಸಿಕ್ಕಿಕೊಂಡಿತ್ತು. ಕರಿ ಉಣ್ಣೆ, ಒರಟು, ಅರ್ಧ ಗೇಣು ಉದ್ದ. ಅದನ್ನು ಉಗುರಿನಿಂದ ಎತ್ತಿ, ಯಾರಿಗೂ ಕಾಣದ ಹಾಗೆ ಬೆರಳಿಗೆ ಸುತ್ತಿಕೊಂಡ. ಆಮೇಲೆ ಎದ್ದು ನಿಂತು, ಡ್ರೈವರನ ಅರಿವೆಯೇ ಎಂದು ಹೇಳಿದ. ಹೇಳುವಾಗ ದನಿ ನಡುಗಲಿಲ್ಲ, ಅದೇ ಅವನಿಗೆ ಆಮೇಲೆ ಹೆಚ್ಚು ನೋವು ಕೊಟ್ಟದ್ದು. ಸಾವಕಾರ ಬಯ್ಯಲಿಲ್ಲ. ಕೈ ಚಾಚಿದ, ಬಾಳು ಕೀಲಿಯನ್ನು ಆ ಕೈಯಲ್ಲಿಟ್ಟು, ಚಪ್ಪಲಿ ಮೆಟ್ಟಿಕೊಂಡು, ರಸ್ತೆಗೆ ನಡೆದ. ಎಂಟು ವರ್ಷದ ನೌಕರಿ ಅಷ್ಟರಲ್ಲಿ ಮುಗಿದಿತ್ತು.

ಕರಿ ಉಣ್ಣೆಯ ಎಳೆಯನ್ನು ಅವನು ಒಂದು ಬೀಡಿ ಕಟ್ಟಿನ ಕಾಗದದಲ್ಲಿ ಮಡಿಸಿ ಕಿಸೆಯಲ್ಲಿಟ್ಟುಕೊಂಡಿದ್ದ. ಯಾಕೆ ಎಸೆಯಲಿಲ್ಲವೋ ಅವನಿಗೇ ತಿಳಿಯದು. ಆ ಎಳೆ ಕಿತ್ತುಬಂದ ಅಪ್ಪನ ಕಂಬಳಿ ಅವನಿಗೆ ಗೊತ್ತು. ಅದರೊಳಗೆ ಸುತ್ತಿ ಅವನನ್ನು ಎತ್ತಿಕೊಂಡು ಹೊಳೆ ದಾಟಿದ್ದಾರೆ, ಅದನ್ನು ಹಾಸಿ ಅದರ ಮೇಲೆ ಬೀರದೇವರ ಭಂಡಾರದ ಅರಿಸಿನ ಇಟ್ಟಿದ್ದಾರೆ. ಅಪ್ಪ ಮಲಕಾರಿ ಎರಡು ವರ್ಷದ ಹಿಂದೆ ಕುರಿ ಮಾರಿದ, ಕಂಬಳಿ ಇಟ್ಟುಕೊಂಡ. ಪ್ರತಿ ಬೇಸಿಗೆಗೂ ಅವನ ಹಿಂಡು ಶಿರಗುಪ್ಪಿಯ ಹೊಲದಲ್ಲಿ ಗೊಬ್ಬರಕ್ಕೆ ತಂಗುತ್ತಿದ್ದದ್ದನ್ನು ನೆನೆದು, ಸಾವಕಾರನ ತಾಯಿ ಸೋನಾಬಾಯಿ ಅವನನ್ನು ಬಂಗಲೆಯ ಗೇಟಿಗೆ ಇಟ್ಟುಕೊಂಡಳು. ಇದು ಕಾಡಸಿದ್ದನಿಗೆ ಗೊತ್ತಾದದ್ದು ಹೊಸದಾಗಿ ತಂದ ಕಾರು ನೋಡಲು ಸಾವಕಾರ ಕರೆಸಿಕೊಂಡ ದಿನ. ಖಾಕಿ ಅಂಗಿ, ಹೆಗಲ ಮೇಲೆ ಕಂಬಳಿ. ಗೇಟು ತೆರೆದು ಅಪ್ಪ ಬಾಯಿ ತುಂಬ ನಕ್ಕ. ಕಾಡಸಿದ್ದ ನಗಲಿಲ್ಲ. ಹೊರಗೆ ಹೋಗುವಾಗ ಗೇಟಿನ ಕಂಬದ ಹಿಂದೆ ನಿಂತು, ಇಲ್ಲಿ ನನ್ನ ಗುರುತು ಹೇಳಬೇಡ ಎಂದು ಪಿಸುಗುಟ್ಟಿದ. ಅಪ್ಪ ಯಾಕೆಂದು ಕೇಳಲಿಲ್ಲ. "ಹಂಗಾರ ನಿನಗ ಏನಂತ ಕರೀಲಿ?" ಎಂದಷ್ಟೇ ಕೇಳಿದ. ಮುಂದಿನ ಸಲ ಹೋದಾಗ ಗೇಟಿನಲ್ಲಿ, "ಬರ್ರಿ ಮಿಸ್ತ್ರಿ" ಎಂದ. ಒಂದು ಕಣ್ಣೂ ಮಿಟುಕಿಸದೆ, ಒಂದು ಅಕ್ಷರವೂ ತಪ್ಪದೆ. ಹೇಳಿಕೊಟ್ಟದ್ದನ್ನು ಅಪ್ಪ ಇಷ್ಟು ಚೆನ್ನಾಗಿ ಕಲಿಯುತ್ತಾನೆಂದು ಕಾಡಸಿದ್ದ ಎಣಿಸಿರಲಿಲ್ಲ, ಅವತ್ತು ಮನೆಗೆ ಬಂದು ಹೆಂಡತಿ ತಾರವ್ವನ ಮೇಲೆ ರೊಟ್ಟಿ ಸೀದಿದೆಯೆಂದು ಹರಿಹಾಯ್ದ.

ಅಮಾವಾಸ್ಯೆಗೊಮ್ಮೆ ಅಪ್ಪ ರಜೆ ಕೇಳಿಕೊಂಡು ಚಿಕ್ಕೋಡಿಯ ಮನೆಗೆ ಉಣ್ಣಲು ಬರುತ್ತಿದ್ದ. ಅಲ್ಲಿ ಅವನು ಮತ್ತೆ ಅಪ್ಪ. ಹೋದ ಅಮಾವಾಸ್ಯೆಗೆ ಹೋಳಿಗೆ ಉಣ್ಣುತ್ತ ಹೇಳಿದ, ಮುಂಜಾನೆ ಸಕ್ಕರೆ ಫ್ಯಾಕ್ಟರಿಯ ಚಿಮಣಿಯಿಂದ ಕರಿ ಬೂದಿ ಬಂದು ಕಾರಿನ ಮೇಲೆ ಬೀಳುತ್ತದೆ, ಡ್ರೈವರ್ ಬರುವುದು ಎಂಟಕ್ಕೆ, ಅಲ್ಲಿಯವರೆಗೆ ಹೇಗೆ ಬಿಡಲಿ, ನಾನೇ ದಿನಾ ಕಂಬಳಿಯಿಂದ ಒರೆಸಿಬಿಡುತ್ತೇನೆ, ದೇವರ ಗದ್ದಿಗೆ ಒರೆಸಿದ ಹಾಗೆ. ನೀನು ಕೈಯಾಡಿಸುವ ಕಾರು ಅದು, ಎಂದೂ ಹೇಳಿದ. ಕಂಬಳಿಗಿಂತ ಶುದ್ಧವಾದದ್ದು ಆ ಮುದುಕನ ಲೋಕದಲ್ಲಿ ಇನ್ನೊಂದಿಲ್ಲ. ಬಾಣಂತಿಗೆ ಅದು, ದೇವರಿಗೆ ಅದು, ಹೆಣಕ್ಕೆ ಅದು. ಬೂದಿಯೆಂದರೆ ಸುಟ್ಟ ಕಬ್ಬಿನ ಸಿಪ್ಪೆ ಮತ್ತು ಮರಳು ಎಂದು, ಒರಟು ಉಣ್ಣೆಯಲ್ಲಿ ಅದು ಹೂತುಕೊಂಡು ಅರದ ಹಾಗೆ ಕೆರೆಯುತ್ತದೆ ಎಂದು ಕಾಡಸಿದ್ದನಿಗೆ ತುತ್ತು ಬಾಯಿಗೆ ಹೋಗುವ ಮೊದಲೇ ಹೊಳೆದಿತ್ತು. ಅವನು ಏನೂ ಹೇಳಲಿಲ್ಲ. ಒರೆಸಬೇಡ ಎಂದು ಎರಡು ಮಾತು ಹೇಳಿದ್ದರೆ ಸಾಕಿತ್ತು. ಗೀರು ಬಿದ್ದರೆ ಕಾರು ಎಲ್ಲಿಗೆ ಬರುತ್ತದೆ, ನನ್ನ ಶೆಡ್ಡಿಗೇ, ನಾನದನ್ನು ತೆಗೆದರೆ ಈ ಐದು ತಾಲೂಕಿನಲ್ಲಿ ಇಂಥ ಬಣ್ಣಕ್ಕೆ ಕೈ ಹಾಕಿದವನು ನಾನೊಬ್ಬನೇ ಎಂದು ಆಗುತ್ತದೆ: ಇಷ್ಟೂ ಯೋಚನೆ ಒಂದು ಹೋಳಿಗೆ ಮುಗಿಯುವುದರೊಳಗೆ ಬಂದುಹೋಗಿತ್ತು. ಅಪ್ಪನಿಗೆ ಇನ್ನೊಂದು ಹಾಕು ಎಂದು ತಾರವ್ವನಿಗೆ ಹೇಳಿ ಕೈ ತೊಳೆದ.

ಮಷೀನು ಬಾನೆಟ್ಟಿನ ಎಡ ಮೂಲೆಯಲ್ಲಿ ಗುಂಯ್‌ಗುಡುತ್ತಿತ್ತು. ಕೈಗಳು ಮಾಡುತ್ತಿದ್ದದ್ದನ್ನು ಮಾಡುತ್ತಿದ್ದವು, ತಲೆ ಶಿರಗುಪ್ಪಿಯ ಹೊಲದಲ್ಲಿತ್ತು, ಮೂವತ್ತು ವರ್ಷದ ಹಿಂದಿನ ಬೇಸಿಗೆ. ಸಂಜೆ ಹಿಂಡನ್ನು ತಟ್ಟಿ ಕಟ್ಟಿದ ದೊಡ್ಡಿಗೆ ಹೊಡೆಯುವಾಗ ಆಗಿನ ಸಾವಕಾರನ ಮಗ, ಈಗಿನ ಈ ಜಯಪಾಲ, ಇಸ್ತ್ರಿ ಮಾಡಿದ ಚಡ್ಡಿ ಹಾಕಿಕೊಂಡು ಬದುವಿನ ಮೇಲೆ ನಿಂತು ಕುರಿ ಎಣಿಸುತ್ತಿದ್ದ. ಒಂದು ದಿನ ಅವನಿಗೆ ಆಟ ಹೊಳೆಯಿತು. ಕಾಡಸಿದ್ದ ಕೈ ಊರಿ ಕುರಿಗಳ ನಡುವೆ ನುಸುಳಬೇಕು, ಜಯಪಾಲ ಎಣಿಸಬೇಕು. "ಒಂದ ಹೆಚ್ಚ ಬಂತು" ಎಂದು ಅವನು ಕೂಗುತ್ತಿದ್ದ, ಆಳುಗಳೆಲ್ಲ ನಗುತ್ತಿದ್ದರು, ಕಾಡಸಿದ್ದನೂ ನಗುತ್ತಿದ್ದ, ಅಪ್ಪನೂ. ಅಪ್ಪ ನಕ್ಕದ್ದನ್ನು ಅವನು ಮರೆತಿರಲಿಲ್ಲ. ದಿನಾ ನಡೆಯಿತು ಆ ಆಟ, ಹಿಂಡು ಆ ಹೊಲ ಬಿಡುವವರೆಗೆ. ಕೊಲ್ಹಾಪುರದಲ್ಲಿ ಹನ್ನೊಂದು ವರ್ಷ ಇದ್ದು ಮೀಸೆ, ಮರಾಠಿ ಎರಡನ್ನೂ ಬೆಳೆಸಿಕೊಂಡು ಬಂದವನನ್ನು ಜಯಪಾಲ ಗುರುತು ಹಿಡಿದಿರಲಿಲ್ಲ. ಹಿಡಿದಿಲ್ಲ ಎಂದೇ ಕಾಡಸಿದ್ದ ನಂಬಿದ್ದ. ಈ ಒಂದು ನಂಬಿಕೆಯ ಮೇಲೆ ಅವನ ಮಿಸ್ತ್ರಿತನವೆಲ್ಲ ನಿಂತಿತ್ತು, ಅದು ಹೋದರೆ ಅವನು ಮತ್ತೆ ಅಂಗೈ ಊರಿ ನಡೆಯುವ ಹುಡುಗ. ಸುಟ್ಟ ವಾಸನೆ ಬಂತು. ಗಾಬರಿಯಾಗಿ ಮಷೀನು ಎತ್ತಿ ಕೈಯ ಹಿಂಬದಿ ಇಟ್ಟು ನೋಡಿದ. ಕಾದಿತ್ತು, ಬಣ್ಣ ಹೋಗಿರಲಿಲ್ಲ.

ಹನ್ನೊಂದಕ್ಕೆ ಕರೆಂಟು ಹೋಯಿತು. ಮಷೀನು ತಿರುಗುತ್ತ ತಿರುಗುತ್ತ ನಿಂತು, ಆ ನಿಶ್ಶಬ್ದದಲ್ಲಿ ಯಾರೋ ಕೆಮ್ಮಿದರು. ಬಾಳು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ. ಯಾವಾಗ ಬಂದನೋ. ಕೂಡ್ರು ಎಂದು ಕಾಡಸಿದ್ದ ಹೇಳಲಿಲ್ಲ, ಅವನೂ ಕೂಡ್ರಲಿಲ್ಲ; ಚೀಲದಿಂದ ಒಂದು ಅರಿವೆ ತೆಗೆದು ಎರಡೂ ಕೈಯಲ್ಲಿ ಬಿಡಿಸಿ ಹಿಡಿದ. ಹಳೆಯ ಧೋತರದ ತುಂಡು, ತೊಳೆದು ತೊಳೆದು ಬೆಣ್ಣೆಯ ಹಾಗಾಗಿತ್ತು, ಅಂಚಿನ ದಾರ ಕೂಡ ತಾಗಬಾರದೆಂದು ಹೊಲಿಗೆ ಬಿಚ್ಚಿದ್ದ. ಇಂಥ ಅರಿವೆಯನ್ನು ಇಟ್ಟುಕೊಳ್ಳುವವನು ಗಾಡಿಯನ್ನು ಹೇಗೆ ನೋಡಿಕೊಳ್ಳುತ್ತಾನೆಂದು ಕಾಡಸಿದ್ದನಿಗಿಂತ ಚೆನ್ನಾಗಿ ತಿಳಿದವರಿಲ್ಲ.

"ಮಿಸ್ತ್ರಿ, ಇದು ನನ್ನ ಅರಿವಿ. ಇದರಿಂದ ಅಂಥಾ ಗೀರ ಬೀಳ್ತಾವೇನ್ರಿ?"

"ಅರಿವಿ ಸ್ವಚ್ಛ ಇದ್ರ ಆತೇನು," ಎಂದ ಕಾಡಸಿದ್ದ, "ಕೈ ಹೆಂಗಿತ್ತೋ ಯಾರ ಕಂಡಾರ."

ಹೇಳಿದ ಕೂಡಲೇ ಅವನಿಗೆ ತನ್ನ ಮೇಲೆಯೇ ಹೇಸಿಗೆ ಬಂತು, ಆದರೂ ಮುಖ ಸಡಿಲಿಸಲಿಲ್ಲ. ಬಾಳು ಅರಿವೆ ಮಡಿಸಿದ, ನಾಲ್ಕು ಮಡಿಕೆ, ಮೂಲೆಗೆ ಮೂಲೆ ಹೊಂದಿಸಿ. ಸಿಟ್ಟಾಗಿರಲಿಲ್ಲ, ಅದೇ ತಡೆಯಲಾಗದ್ದು.

"ಯಾರ ಮಾಡ್ಯಾರ ಅಂತ ನನಗ ಗೊತ್ತೈತ್ರಿ. ಗೇಟಿನ ಮುದುಕ ಮಲಕಾರಿ. ನಾ ಬರೂದ್ರಾಗ ಕಂಬಳಿಲೆ ಒರಸಿ ಬಿಟ್ಟಿರತಾನ. ಎರಡ ಸಲ ಬ್ಯಾಡ ಅಂತ ಹೇಳೇನ್ರಿ, ಇದು ದೇವರ ಕಂಬಳಿ, ಇದರಿಂದ ಏನ ಕೇಡ ಆಗತೈತಿ ಅಂತಾನ. ಸಾವಕಾರ್ರ ಮುಂದ ನಾ ಬಾಯಿ ಬಿಡಲಿಲ್ಲ. ನನಗ ನಾಳೆ ಇನ್ನೊಂದ ಗಾಡಿ ಸಿಕ್ಕೀತು. ಆ ಮುದುಕಗ ಯಾರ ಕೆಲಸಾ ಕೊಡ್ತಾರ್ರಿ? ಅಂವಗ ಹಿಂದ ಮುಂದ ಯಾರೂ ಇಲ್ಲಂತ."

ಯಾರು ಹೇಳಿದರು ಎಂದು ಕಾಡಸಿದ್ದ ಕೇಳಿದ. ಮುದುಕನೇ ಹೇಳಿದ, ಒಬ್ಬ ಮಗನಿದ್ದನಂತೆ, ಎಲ್ಲೋ ಹೋದನಂತೆ, ಎಂದ ಬಾಳು. ಆಮೇಲೆ ತಾನು ಬಂದ ಕೆಲಸ ಹೇಳಿದ. ಈ ಗೀರುಗಳು ಮುಂಬಯಿಯಲ್ಲೇ ಬಿದ್ದ ಹಳೆಯವು, ಮೇಲಿನ ಮೇಣ ಹೋದ ಮೇಲೆ ಈಗ ಎದ್ದಿವೆ, ಎಂದು ಮಿಸ್ತ್ರಿ ಒಂದು ಮಾತು ಹೇಳಿದರೆ ಸಾಕು. ಕೊಲ್ಹಾಪುರ ಮಿಸ್ತ್ರಿಯ ಮಾತನ್ನು ಸಾವಕಾರ ತೆಗೆದುಹಾಕುವುದಿಲ್ಲ. ಮುದುಕನೂ ಉಳಿಯುತ್ತಾನೆ, ನಾನೂ ಉಳಿಯುತ್ತೇನೆ ಎಂದ. ಕಾಡಸಿದ್ದ ತಲೆ ತಗ್ಗಿಸಿ ಕೇಳಿದ. ಇಷ್ಟು ಸುಲಭದ ಸುಳ್ಳು ಸೋಮವಾರ ತನಗೆ ಯಾಕೆ ಹೊಳೆಯಲಿಲ್ಲ? ಹೊಳೆಯಲಿಲ್ಲವೆಂದಲ್ಲ, ಹುಡುಕಲೇ ಇಲ್ಲ. ಉಳಿಸಬೇಕಾದದ್ದು ಅಪ್ಪನ ನೌಕರಿಯನ್ನು ಎಂದು ಮೂರು ದಿನ ತನಗೆ ತಾನೇ ಹೇಳಿಕೊಂಡಿದ್ದ. ಅಪ್ಪ ಸಿಕ್ಕಿಬಿದ್ದರೆ ಹೆದರಿ ಎಲ್ಲಿ ಮಗನ ಹೆಸರು ಹೇಳಿಬಿಡುತ್ತಾನೋ ಎಂಬ ಭಯಕ್ಕೆ ಆ ಬಡ ಡ್ರೈವರನನ್ನು ಬಲಿ ಕೊಟ್ಟಿದ್ದ, ಅಷ್ಟೇ. ಹೇಳುತ್ತೇನೆ ಹೋಗು, ಎಂದ. ಬಾಳು ಕೈ ಮುಗಿದ. ಮುಗಿದ ಕೈಗಳ ಮಧ್ಯೆ ಅರಿವೆಯ ಮಡಿಕೆ ಇತ್ತು.

ಕರೆಂಟು ಹನ್ನೆರಡೂವರೆಗೆ ಬಂತು. ಊಟಕ್ಕೆ ಏಳದೆ ಕಾಡಸಿದ್ದ ಉಜ್ಜಿದ. ಹೇಳುತ್ತೇನೆ ಎಂದದ್ದರಿಂದ ಮನಸ್ಸು ಹಗುರಾಗಿ, ಕೈಯೂ ಹಗುರಾಗಿ, ಆ ಹಟಮಾರಿ ಬಣ್ಣ ಮೊದಲ ಸಲ ತಾನಾಗಿ ಬಿಟ್ಟುಕೊಡುತ್ತಿದೆ ಅನಿಸಿತು. ದಪ್ಪ ಕಂಪೌಂಡು, ಆಮೇಲೆ ನಯದ್ದು, ಆಮೇಲೆ ಇನ್ನೂ ನಯದ್ದು. ಸೀಮೆಎಣ್ಣೆ ಹಾಕಿ ಒರೆಸಿ ಬಿಸಿಲಿಗೆ ತಳ್ಳಿದ. ಬಾನೆಟ್ಟಿನ ನಡುವೆ ಸೂರ್ಯ ಒಂದೇ ಒಂದು ಬಿಳಿ ಚುಕ್ಕೆಯಾಗಿ ನಿಂತಿತ್ತು, ಸುತ್ತ ಏನೂ ಇರಲಿಲ್ಲ. ಅವನು ಎಡಕ್ಕೆ ಹೋದ, ಬಲಕ್ಕೆ ಹೋದ, ಕೂತು ನೋಡಿದ. ಇರಲಿಲ್ಲ. ಇಂಥದ್ದನ್ನು ಅಪ್ಪನಿಗೆ ತೋರಿಸಬೇಕು ಎಂದು ಒಂದು ಗಳಿಗೆ ನಿಜವಾಗಿ ಅನಿಸಿತು.

ಅಂಕಲಿ ದಾಟಿ, ಕೃಷ್ಣೆಯ ಸೇತುವೆ ದಾಟಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ನಿಧಾನಕ್ಕೆ ಕಾರು ಓಡಿಸುತ್ತ ಅವನು ಆ ಒಂದು ವಾಕ್ಯವನ್ನು ಮರಾಠಿಯಲ್ಲಿ ಹೊಂದಿಸಿಕೊಂಡ. ಸಾವಕಾರ, ಮೊನ್ನೆ ನಾನು ತಪ್ಪಿದೆ, ಇವು ಮುಂಬಯಿಯ ಹಳೆಯ ಗೀರು. ತಪ್ಪಿದೆ ಎಂಬುದನ್ನು ಬಿಟ್ಟರೆ ಹೇಗೆ ಎಂದು ನೋಡಿದ. ಈಗ ಗೊತ್ತಾಯಿತು ಎಂದರೆ ಸಾಕಲ್ಲವೆ? ಹೊಳೆಯಾಚೆ ಕುರಿ ಹಿಂಡೊಂದು ರಸ್ತೆಗೆ ಅಡ್ಡ ಬಂತು. ಹಿಂಡಿನವನು ಕಾರು ಕಂಡು ಗಾಬರಿಯಾಗಿ ಹೆಗಲ ಕಂಬಳಿ ಬೀಸಿ ಕುರಿಗಳನ್ನು ಬದಿಗೆ ಹೊಡೆದ, ಹಲ್ಲು ಕಿರಿದ. ಚಿಕ್ಕಪ್ಪ ಸಿದರಾಯ ನೆನಪಾದ. ಒಂದು ಟಗರಿನ ಜಗಳದಲ್ಲಿ ಚಿಕ್ಕಪ್ಪ ಕಂಬಳಿ ಮುಟ್ಟಿ, ಮಲಕಾರಿ ನನ್ನ ಅಣ್ಣನಲ್ಲ ಎಂದು ಹತ್ತು ಜನರ ಮುಂದೆ ಹೇಳಿಬಿಟ್ಟಿದ್ದ. ಕಂಬಳಿ ಮುಟ್ಟಿ ಆಡಿದ ಮಾತು ಅವರಲ್ಲಿ ಹಿಂದಕ್ಕೆ ಬರುವುದಿಲ್ಲ. ಸುಳ್ಳಾದರೂ ಅವತ್ತಿನಿಂದ ಅದೇ ಖರೆ. ಅಜ್ಜಿ ಸತ್ತಾಗ ಚಿಕ್ಕಪ್ಪ ಊರ ಹೊರಗಿನ ಬೇವಿನ ಮರದ ಕೆಳಗೆ ನಿಂತು ಅತ್ತು ಹಾಗೇ ಹೋದ, ಮಣ್ಣಿಗೆ ಬರಲಿಲ್ಲ. ಕರೆಯೋಣ ಎಂದರೆ ಅಪ್ಪನೇ ಒಪ್ಪಲಿಲ್ಲ. ಒಂದೇ ಮೈಲಿಯ ಅಂತರದಲ್ಲಿ ಇಬ್ಬರೂ ಮುದುಕರಾದರು, ಒಬ್ಬರ ಮನೆಯ ನೀರನ್ನು ಒಬ್ಬರು ಕುಡಿಯಲಿಲ್ಲ.

ನಾಲ್ಕಕ್ಕೆ ಹತ್ತು ನಿಮಿಷ ಇತ್ತು. ಅಪ್ಪ ಗೇಟು ತೆರೆದು, ಬರ್ರಿ ಮಿಸ್ತ್ರಿ ಎಂದ. ಅಂಗಳದ ಬಿಸಿಲಿನಲ್ಲಿ ಕಾರು ನಿಲ್ಲಿಸಿ ಕಾಡಸಿದ್ದ ಇಳಿದ. ಜಯಪಾಲ ಸಾವಕಾರ ಮೆಟ್ಟಿಲಿಳಿದು ಬಂದು, ಮಾತಾಡದೆ ಕಾರಿನ ಸುತ್ತ ಒಂದು ಸುತ್ತು ಹಾಕಿದ, ಬಾನೆಟ್ಟಿನ ಹತ್ತಿರ ಬಗ್ಗಿ ತನ್ನ ಮುಖವನ್ನೇ ನೋಡಿಕೊಂಡ. ಆಮೇಲೆ ಮರಾಠಿಯಲ್ಲಿ, ಇದು ಕೊಲ್ಹಾಪುರದ ಕೈಯೇ ಸೈ, ಇಲ್ಲಿಯವರಿಗೆ ಇದು ಸಾಯುವವರೆಗೂ ಬರುವುದಿಲ್ಲ ಎಂದ. ಹೇಳಬೇಕಾದ ಹೊತ್ತು ಅದೇ. ವಾಕ್ಯ ನಾಲಿಗೆಯ ತುದಿಯಲ್ಲಿತ್ತು. ಆದರೆ ಸಾವಕಾರ ಇನ್ನೂ ಹೊಗಳುತ್ತಿದ್ದ, ನಡುವೆ ಬಾಯಿ ಹಾಕಿದರೆ ಹೊಗಳಿಕೆ ನಿಂತುಹೋಗುತ್ತದೆ. ಮುಗಿಯಲಿ, ಆಮೇಲೆ ಹೇಳಿದರಾಯಿತು ಎಂದು ಅವನು ತಲೆ ತಗ್ಗಿಸಿ ಆ ಸುಖವನ್ನು ಕುಡಿಯುತ್ತ ನಿಂತ. ಅಷ್ಟರಲ್ಲಿ ಫ್ಯಾಕ್ಟರಿಯ ಕಡೆಯಿಂದ ಗಾಳಿ ತಿರುಗಿ ಬೂದಿಯ ಒಂದು ಕರಿ ಚೂರು ತೇಲಿಬಂದು ಬಾನೆಟ್ಟಿನ ಮೇಲೆ ಕೂತಿತು. ಗೇಟಿನಿಂದ ಅಪ್ಪ ಅದನ್ನು ಕಂಡ. ಮಗನ ಕೆಲಸದ ಮೇಲೆ ಬೂದಿ. ಹೆಗಲಿನಿಂದ ಕಂಬಳಿ ಎಳೆದುಕೊಂಡು ದಡದಡನೆ ಬಂದ, ಮುಖದಲ್ಲಿ ಮುಚ್ಚಲಾರದ ಹೆಮ್ಮೆ, ಮಿಸ್ತ್ರಿ ಎನ್ನುವ ನಟನೆ ಕೂಡ ಅರ್ಧ ಜಾರಿಹೋಗಿತ್ತು.

"ಏ ಮ್ಹಾತಾರ್‍ಯಾ, ಹಾತ್ ಲಾವೂ ನಕೋ!"

ಮುದುಕನಿಗೆ ಮರ್ಯಾದೆಯಿಲ್ಲದೆ ಕೂಗುವ ಮರಾಠಿಯಲ್ಲಿ, ಮುಟ್ಟಬೇಡ ಎಂದು ಕಾಡಸಿದ್ದ ಕೂಗಿದ. ಕೂಗಿ ಸುಮ್ಮನಾಗಲಿಲ್ಲ, ಕಂಬಳಿ ಹಿಡಿದ ಆ ಕೈಯನ್ನು ರಟ್ಟೆಯಲ್ಲಿ ಹಿಡಿದು ಹಿಂದಕ್ಕೆ ನೂಕಿದ. ಅಷ್ಟು ಜೋರು ಬೇಕಾಗಿರಲಿಲ್ಲ. ಅಪ್ಪ ಎರಡು ಹೆಜ್ಜೆ ತಡವರಿಸಿ ಅಂಗಳದ ಫರಸಿಕಲ್ಲಿನ ಮೇಲೆ ಕುಕ್ಕರಿಸಿ ಬಿದ್ದ. ಮರಾಠಿ ಅವನಿಗೆ ಬರುವುದಿಲ್ಲ. ತಿಳಿಯಿತು, ಆದರೂ.

ಸಾವಕಾರ ಕಂಬಳಿಯನ್ನು ನೋಡಿದ, ಬಾನೆಟ್ಟನ್ನು ನೋಡಿದ. ದಿನಾ ಒರೆಸುತ್ತೀಯಾ ಎಂದು ಮುದುಕನನ್ನು ಕನ್ನಡದಲ್ಲಿ ಕೇಳಿದ. ದಿನಾ ಒರೆಸುತ್ತೇನೆಂದು ಅಪ್ಪ ಬಿದ್ದಲ್ಲಿಂದಲೇ ಹೇಳಿದ, ಏನೋ ತಪ್ಪಾಗಿದೆ ಎಂದು ಆಗಲೂ ಹೊಳೆಯದೆ. ಸಾವಕಾರ ಕಾಡಸಿದ್ದನ ಕಡೆ ತಿರುಗಿ ನಕ್ಕ. ಕಂಬಳಿಯ ಗೀರಿಗೂ ಅರಿವೆಯ ಗೀರಿಗೂ ವ್ಯತ್ಯಾಸ ತಿಳಿಯದ ಕಣ್ಣೇನು ನಿನ್ನದು, ಇದೇನಾ ಕೊಲ್ಹಾಪುರದ ವಿದ್ಯೆ ಎಂದು ಮರಾಠಿಯಲ್ಲಿ ಹೇಳಿದ. ಬೇರೆ ಏನಂದಿದ್ದರೂ ಕಾಡಸಿದ್ದ ನುಂಗುತ್ತಿದ್ದ. ಕಸುಬಿಗೆ ಅಂದದ್ದು ತಡೆಯಲಿಲ್ಲ. ಕಿಸೆಗೆ ಕೈ ಹಾಕಿ ಬೀಡಿ ಕಾಗದ ತೆಗೆದು, ಬಿಡಿಸಿ, ಕರಿ ಉಣ್ಣೆಯ ಎಳೆಯನ್ನು ಸಾವಕಾರನ ಅಂಗೈ ಮೇಲಿಟ್ಟ. ಸೋಮವಾರವೇ ಕಂಡಿದ್ದೆ, ಪಟ್ಟಿಯ ಸಂದಿನಲ್ಲಿತ್ತು, ಎಂದ. ಹೇಳಿ ಮುಗಿಯುವ ಮೊದಲೇ ತಾನು ಏನು ಕೊಟ್ಟೆನೆಂದು ಅರಿವಾಯಿತು.

ಸಾವಕಾರ ಎಳೆಯನ್ನು ಬೆಳಕಿಗೆ ಹಿಡಿದ. ಈ ಸಲ ಕಾಡಸಿದ್ದನ ಜೊತೆ ಅವನು ಮಾತಾಡಿದ್ದು ಕನ್ನಡದಲ್ಲಿ, ಇಷ್ಟು ವರ್ಷದಲ್ಲಿ ಮೊದಲ ಸಲ.

"ಸೋಮವಾರ ಕಂಡಿದ್ದಿ. ಮತ್ತ ಬಾಳೂನ ಹೆಸರ ಯಾಕ ಹೇಳಿದಿ?" ಉತ್ತರಕ್ಕೆ ಕಾಯಲಿಲ್ಲ. "ಕುರಿ ಎಣಿಸೂವಾಗ ಒಂದ ಹೆಚ್ಚ ಬರ್ತಿತ್ತು. ಆ ಹುಡುಗ ನೀನ ಅಲ್ಲೇನೋ? ನೀ ಮೊದಲನೇ ದಿನಾ ಬಂದಾಗನ ಗುರ್ತ ಹಿಡದೇನಿ. ನೀನಾಗಿ ಯಾವಾಗ ಹೇಳ್ತಿ ಅಂತ ನೋಡಾಕತ್ತಿದ್ದೆ. ಈ ಮಲಕಾರಿ ನಿಮ್ಮಪ್ಪ, ಹೌದಲ್ಲ?"

ಹೌದ್ರಿ ಎನ್ನಬೇಕಿತ್ತು. ಎರಡು ಅಕ್ಷರ. ಕಾಡಸಿದ್ದ ಬಾಯಿ ತೆರೆದ. ಮಹಡಿಯ ಕಿಟಕಿಯಲ್ಲಿ ಸೋನಾಬಾಯಿ, ಅಡುಗೆಯವರು, ಹೂಕುಂಡ ಹೊತ್ತಿದ್ದ ಇಬ್ಬರು ಆಳುಗಳು, ಎಲ್ಲರೂ ನಿಂತು ನೋಡುತ್ತಿದ್ದರು. ಅವರೆಲ್ಲ ಈಗ ನಗುತ್ತಾರೆ, ಒಂದು ಹೆಚ್ಚು ಬಂತೆಂದು. ತೆರೆದ ಬಾಯಿ ಮುಚ್ಚಿಕೊಂಡ. ಕೆಳಗೆ ಕೂತ ಅಪ್ಪ ತಲೆಯೆತ್ತಿ ಅವನ ಮುಖವನ್ನೇ ನೋಡುತ್ತಿದ್ದ. ಎಷ್ಟೋ ಮಂದೆಗಳಲ್ಲಿ ಯಾವ ಕುರಿಗೆ ಏನು ನೋವೆಂದು ಮುಖ ನೋಡಿ ಹೇಳಿದ ಕಣ್ಣು. ಅಪ್ಪ ಕಂಬಳಿಯನ್ನು ತೊಡೆಯ ಮೇಲೆ ಎಳೆದುಕೊಂಡ, ಕೊಡವಿದ, ಅದರ ಮೇಲೆ ಬಲಗೈ ಅಂಗೈಯನ್ನು ಊರಿದ.

"ಇಲ್ರಿ ಸಾವಕಾರ್ರ. ಕಂಬಳಿ ಮುಟ್ಟಿ ಹೇಳ್ತೇನ್ರಿ, ಈ ಮಿಸ್ತ್ರಿ ನನ್ನ ಮಗಾ ಅಲ್ರಿ. ನನ್ನ ಮಗಾ ಕೊಲ್ಹಾಪುರಕ್ಕ ಹೋದಾಂವ ತಿರಗಿ ಬರಲಿಲ್ರಿ."

ಸಾವಕಾರನ ನಗೆ ನಿಂತಿತು. ಕುರಿಯವರ ನಡುವೆ ಬೆಳೆದವನು. ಆ ಆಣೆ ಏನೆಂದು ಅವನಿಗೂ ಗೊತ್ತು. ಹಾಗಾದರೆ ನನ್ನದೇ ತಪ್ಪಾಯಿತು ಎಂದ, ಮತ್ತೆ ಮರಾಠಿಯಲ್ಲಿ, ಮಿಸ್ತ್ರಿಗೆ. ಕಾಡಸಿದ್ದನಿಗೆ ಮೊದಲು ಅನಿಸಿದ್ದು ಹಗುರ. ಪಾರಾದೆ ಎಂದು ಎದೆ ಒಮ್ಮೆ ಸಲೀಸಾಗಿ ಉಸಿರೆಳೆಯಿತು, ಆ ಉಸಿರನ್ನು ಅವನು ಮುಂದೆಂದೂ ಮರೆಯುವಂತಿರಲಿಲ್ಲ. ಆಮೇಲೆ ಒಂದೊಂದೇ ತಿಳಿಯುತ್ತ ಬಂತು. ಬರುವ ಅಮಾವಾಸ್ಯೆಗೆ ಅಪ್ಪ ಉಣ್ಣಲು ಬರುವುದಿಲ್ಲ. ತಾರವ್ವ ಕೊಟ್ಟ ನೀರು ಕುಡಿಯುವುದಿಲ್ಲ. ಎಲ್ಲೋ ಸಾಯುತ್ತಾನೆ, ಸತ್ತಾಗ ತಾನು ಊರ ಹೊರಗೆ ನಿಲ್ಲಬೇಕು. ಅಪ್ಪಾ ಎಂದು ಕರೆಯಲು ಇನ್ನೂ ಹೊತ್ತಿದೆ ಎನಿಸಿತು, ಆದರೆ ಕರೆದರೆ ಆ ಮುದುಕ ಕಂಬಳಿ ಮುಟ್ಟಿ ಸುಳ್ಳು ಹೇಳಿದವನಾಗುತ್ತಾನೆ. ಆ ದಾರಿಯನ್ನೂ ಅಪ್ಪ ಮುಚ್ಚಿದ್ದ, ಅವನಿಗಾಗಿಯೇ ಮುಚ್ಚಿದ್ದ.

ಐದರ ಬಸ್ಸಿಗೆ ಹೋಗಿಬಿಡು ಎಂದು ಸಾವಕಾರ ಮುದುಕನಿಗೆ ಹೇಳಿದ. ಬಾಳುವಿನ ಮಾತು ಯಾರೂ ಎತ್ತಲಿಲ್ಲ, ಕಾಡಸಿದ್ದನೂ ಎತ್ತಲಿಲ್ಲ. ಸಾಂಗಲಿಯಿಂದ ಹೊಸ ಡ್ರೈವರ್ ನಾಳೆ ಬರುವವನಿದ್ದ. ಅಪ್ಪ ಮೊಳಕಾಲು ಹಿಡಿದು ಎದ್ದ. ಖಾಕಿ ಅಂಗಿ ಬಿಚ್ಚಿ ಗೇಟಿನ ಮೊಳೆಗೆ ತೂಗುಹಾಕಿ, ತನ್ನ ಗಂಟನ್ನು ತೆಗೆದುಕೊಳ್ಳಲು ಹಿತ್ತಲಿಗೆ ಹೋಗಿ ಬಂದ. ಹಿತ್ತಲಿಂದ ಗೇಟಿಗೆ ದಾರಿ ಕಾರಿನ ಪಕ್ಕದಿಂದಲೇ. ಅವನು ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಎದೆಗೆ ಅವುಚಿಕೊಂಡು, ಅದರ ಒಂದು ಎಳೆಯೂ ತಾಗಬಾರದೆಂದು, ಕಾರಿನಿಂದಲೂ ಅದರ ಪಕ್ಕ ನಿಂತಿದ್ದ ಮಿಸ್ತ್ರಿಯಿಂದಲೂ ಎರಡು ಮಾರು ದೂರ ಸರಿದು ನಡೆದ.